ಓಡುವ ವಿಡಿಯೋದಿಂದ ಅಚ್ಚಿಗೆ ಒಪ್ಪುವ ಒಂದು ಫೋಟೋ

(ವಿಡಿಯೋ ಮಾಡುವವರ ಒಂದು ಕೂಟದಲ್ಲಿ ಮಾತಾಡಿದ್ದನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿ ಹಾಗೇ ಇದೆ. ಪರದೆಯ ಮೇಲೆ ತೋರಿಸಿದ್ದನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಡಿಯೋ ಮಾಡುವವರನ್ನು ಜನ ಬಿಡದೆ ಕೇಳುವ ಪ್ರಶ್ನೆ ಒಂದಿದೆ. "ಅದರಲ್ಲೇ ಒಂದು ಫೋಟೋ ತೆಗೆದು ಕೊಡ್ತೀರಾ? ಪ್ರಿಂಟ್ ಹಾಕಿಸಬೇಕು." ಕೇಳುವವರಿಗೆ ಇದು ಸಣ್ಣ ಕೆಲಸ ಅನಿಸುತ್ತದೆ. ಪರದೆ ಮೇಲೆ ಅಷ್ಟು ಚೆನ್ನಾಗಿ ಕಾಣುತ್ತಿದೆಯಲ್ಲ, ಅದನ್ನೇ ನಿಲ್ಲಿಸಿ ತೆಗೆದರೆ ಆಯಿತು, ಅಲ್ವಾ? ಹಾಗೆ ನಿಲ್ಲಿಸಿದ ಕೂಡಲೇ ಮುಖ ಮಸುಕಾಗಿ, ಕೈ ಎರಡಾಗಿ, ಬಣ್ಣ ಸಪ್ಪೆಯಾಗಿ ಕಾಣುತ್ತದೆ. ಏಕೆ ಹಾಗಾಗುತ್ತದೆ, ಅದಕ್ಕೆ ಏನು ಮಾಡಬಹುದು ಅನ್ನುವುದೇ ಇವತ್ತಿನ ಮಾತು.

ಇದು ಹೊಸ ಆಸೆ ಏನಲ್ಲ. 1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಟ್ಟ ಮೊದಲ ಹೆಜ್ಜೆಯನ್ನು ಯಾವ ಸ್ಟಿಲ್ ಕ್ಯಾಮೆರಾವೂ ಹಿಡಿದಿಲ್ಲ. ಜಗತ್ತು ಅದನ್ನು ನೋಡಿದ್ದು ಒಂದು ಟಿವಿ ಕ್ಯಾಮೆರಾದ ಮೂಲಕ. ಆ ಕ್ಯಾಮೆರಾ ಸೆಕೆಂಡಿಗೆ 10 ಫ್ರೇಮ್, ಅಂದರೆ 10 ಬಿಡಿ ಚಿತ್ರ, ಫ್ರೇಮಿಗೆ 320 ಗೆರೆ ಮಾತ್ರ ಕಳಿಸುತ್ತಿತ್ತು. ಮರುದಿನ ಪತ್ರಿಕೆಗಳು ಟಿವಿ ಪರದೆಯ ಚಿತ್ರವನ್ನೇ ಮುಖಪುಟದಲ್ಲಿ ಅಚ್ಚು ಹಾಕಿದವು. ಅದಾಗಿ 40 ವರ್ಷಕ್ಕೆ, 2009ರ ಜೂನ್‌ನಲ್ಲಿ, ಎಸ್ಕ್ವೈರ್ ಪತ್ರಿಕೆಯ ಮುಖಪುಟಕ್ಕೆ ನಟಿ ಮೇಗನ್ ಫಾಕ್ಸ್ ಅವರ ಚಿತ್ರ ಬಂತು. ಅದು ರೆಡ್ ಒನ್ ಅನ್ನುವ ವಿಡಿಯೋ ಕ್ಯಾಮೆರಾದಿಂದ ಆರಿಸಿದ ಒಂದು ಫ್ರೇಮ್. ಹಾಗಾಗಿ ಇದು ಆಗುವ ಕೆಲಸವೇ. ಆದರೆ ಸುಮ್ನೆ ಆಗುವುದಿಲ್ಲ.

ಮೊದಲು ಲೆಕ್ಕ ಮುಗಿಸಿಬಿಡೋಣ. ಒಳ್ಳೆಯ ಕಾಗದದ ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅನ್ನುತ್ತಾರೆ. ಈ ಸಂಖ್ಯೆ ಬಂದಿದ್ದು ಆಫ್‌ಸೆಟ್ ಮುದ್ರಣದಿಂದ. ಅಲ್ಲಿ ಇಂಚಿಗೆ ಸುಮಾರು 150 ಸಾಲು ಚುಕ್ಕೆಗಳು ಬೀಳುತ್ತವೆ, ಅದರ ಎರಡರಷ್ಟು ಪಿಕ್ಸೆಲ್ ಇರಲಿ ಅನ್ನುವುದು ರೂಢಿ. ಫುಲ್ ಎಚ್‌ಡಿ ಫ್ರೇಮ್‌ನಲ್ಲಿ ಇರುವುದು 1920 ಅಡ್ಡ, 1080 ಉದ್ದ. ಒಟ್ಟು ಬರೀ 2 ಮೆಗಾಪಿಕ್ಸೆಲ್, ಅಂದರೆ ಸುಮಾರು 20 ಲಕ್ಷ ಪಿಕ್ಸೆಲ್. 300ರ ಲೆಕ್ಕದಲ್ಲಿ 6.4 ಇಂಚು ಅಗಲ, 3.6 ಇಂಚು ಎತ್ತರ. 4ಕೆ ಆದರೆ 3840ಕ್ಕೆ 2160, ಅಂದರೆ 8.3 ಮೆಗಾಪಿಕ್ಸೆಲ್, 12.8 ಇಂಚಿಗೆ 7.2 ಇಂಚು. 8ಕೆ ಆದರೆ 33 ಮೆಗಾಪಿಕ್ಸೆಲ್. ಅಷ್ಟಿದ್ದರೆ ಪಿಕ್ಸೆಲ್ ಚಿಂತೆಯೇ ಇಲ್ಲ.

300 ಅನ್ನುವುದು ಕೈಯಲ್ಲಿ ಹಿಡಿದು ನೋಡುವ ಚಿತ್ರದ ಮಾತು. ಗೋಡೆ ಮೇಲೆ ಹಾಕಿ ಒಂದು ಮೀಟರ್ ದೂರದಿಂದ ನೋಡಿದರೆ ಇಂಚಿಗೆ 100 ಪಿಕ್ಸೆಲ್ ದಾಟಿದ್ದನ್ನು ಕಣ್ಣು ಬೇರೆ ಬೇರೆಯಾಗಿ ಗುರುತಿಸುವುದೇ ಇಲ್ಲ. ಅದಕ್ಕೇ 4ಕೆ ಫ್ರೇಮನ್ನು 150ರ ಲೆಕ್ಕದಲ್ಲಿ 25 ಇಂಚು ಅಗಲಕ್ಕೆ ಧೈರ್ಯವಾಗಿ ಹಾಕಿಸಬಹುದು. ಜನ ಮರೆಯುವುದು ಇನ್ನೊಂದು ವಿಷಯವನ್ನು. ವಿಡಿಯೋ ಅಡ್ಡ, ನಮಗೆ ಬೇಕಾದ ಫೋಟೋ ಸಾಮಾನ್ಯವಾಗಿ ಉದ್ದ. 4ಕೆ ಫ್ರೇಮಿನ ಮಧ್ಯದಿಂದ ಒಬ್ಬರ ಉದ್ದನೆಯ ಭಾವಚಿತ್ರ ಕತ್ತರಿಸಿದರೆ ಉಳಿಯುವುದು 1440ಕ್ಕೆ 2160. ಎಂಟು ಮೆಗಾಪಿಕ್ಸೆಲ್ ಮೂರಕ್ಕೆ ಇಳಿಯಿತು. ಫೋಟೋ ಬೇಕೇ ಬೇಕು ಅಂತ ಮೊದಲೇ ಗೊತ್ತಿದ್ದರೆ ಒಂದೆರಡು ಶಾಟ್‌ಗೆ ಕ್ಯಾಮೆರಾವನ್ನೇ ಉದ್ದಕ್ಕೆ ತಿರುಗಿಸಿ ಹಿಡಿಯಿರಿ.

ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಸಂಖ್ಯೆ, ಅದರ ಬಗ್ಗೆಯೂ ಒಂದು ಮಾತು. ಫೈಲ್‌ನಲ್ಲಿ 72 ಡಿಪಿಐ ಅಂತ ಬರೆದಿದೆ, ಅದನ್ನು 300 ಮಾಡಿ ಕೊಡಿ ಅಂತ ಕೇಳುವವರಿದ್ದಾರೆ. ಅದು ಬರೀ ಚೀಟಿ. ಚೀಟಿ ಬದಲಿಸಿದರೆ ಒಳಗಿನ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ.

ಪಿಕ್ಸೆಲ್ ಲೆಕ್ಕ ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾತಾಡುತ್ತಾರೆ. ನನ್ನ ಮಟ್ಟಿಗೆ ಅದು ಕಡೆಯ ಚಿಂತೆ. ನಾನು ನೋಡುವುದು ಆ 80 ಲಕ್ಷ ಪಿಕ್ಸೆಲ್‌ಗಳ ಒಳಗೆ ಕ್ಯಾಮೆರಾ ನಿಜವಾಗಿ ಕಂಡಿದ್ದು ಎಷ್ಟು ಉಳಿದಿದೆ ಅನ್ನುವುದನ್ನು. ನಮ್ಮ ಕೆಲಸ ಎರಡೇ. ದಾರಿಯಲ್ಲಿ ಅದನ್ನು ಕಳೆಯಬಾರದು. ಇಲ್ಲದ್ದನ್ನು ಸೇರಿಸಬಾರದು.

ಎಲ್ಲಕ್ಕಿಂತ ಜಾಸ್ತಿ ಕಳೆದುಹೋಗುವುದು ಶಟರ್‌ನಲ್ಲಿ, ಅಂದರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕಿಗೆ ತೆರೆದಿರುವ ಸಮಯದಲ್ಲಿ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ ಸ್ಪೀಡ್ ಅದರ ದುಪ್ಪಟ್ಟು, 1/50 ಸೆಕೆಂಡ್ ಇಡಬೇಕು ಅಂತ ಎಲ್ಲರೂ ಕಲಿಯುತ್ತೇವೆ. ಸಿನಿಮಾದ 180 ಡಿಗ್ರಿ ಶಟರ್‌ನ ನಿಯಮ ಅದು. ಪ್ರತಿ ಫ್ರೇಮಿನಲ್ಲೂ ಚಲನೆ ಸ್ವಲ್ಪ ಮಸುಕಾದರೆ ಓಟ ನುಣುಪಾಗಿ ಕಾಣುತ್ತದೆ. ಅಂದರೆ ವಿಡಿಯೋ ಚೆನ್ನಾಗಿ ಕಾಣಲಿ ಅಂತ ನಾವೇ ಬೇಕೆಂದು ಫ್ರೇಮನ್ನು ಮಸುಕು ಮಾಡುತ್ತೇವೆ. ಆಮೇಲೆ ಅದೇ ಫ್ರೇಮು ಚೂಪಾಗಿರಲಿ ಅಂತ ಆಸೆಪಡುತ್ತೇವೆ.

ಎಷ್ಟು ಮಸುಕು? ಲೆಕ್ಕ ಹಾಕಿ ನೋಡೋಣ. ಒಬ್ಬರು ಕ್ಯಾಮೆರಾದ ಮುಂದೆ ಎಡದಿಂದ ಬಲಕ್ಕೆ ಸಾಧಾರಣ ವೇಗದಲ್ಲಿ ನಡೆದು ಹೋಗುತ್ತಿದ್ದಾರೆ. ಸೆಕೆಂಡಿಗೆ 1.4 ಮೀಟರ್ ಅನ್ನೋಣ. 1/50 ಸೆಕೆಂಡಿನಲ್ಲಿ ಅವರು 2.8 ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ. ಫ್ರೇಮಿನ ಅಗಲದಲ್ಲಿ 4 ಮೀಟರ್ ಜಾಗ ಕಾಣುತ್ತಿದೆ ಅಂತಿಟ್ಟುಕೊಳ್ಳಿ. 4ಕೆ ಫ್ರೇಮಿನಲ್ಲಿ ಒಂದು ಮೀಟರಿಗೆ 960 ಪಿಕ್ಸೆಲ್ ಸಿಗುತ್ತದೆ. ಹಾಗಾದರೆ ಮಸುಕು ಸುಮಾರು 27 ಪಿಕ್ಸೆಲ್. ಮನುಷ್ಯನ ಕಣ್ಣಿನ ಅಗಲ ಸುಮಾರು 3 ಸೆಂಟಿಮೀಟರ್. ಅಂದರೆ ಆ ಚಿತ್ರದಲ್ಲಿ ಕಣ್ಣು ತನ್ನ ಅಗಲದಷ್ಟೇ ಅಡ್ಡಕ್ಕೆ ಎಳೆದುಹೋಗಿದೆ. ಅಚ್ಚಿನಲ್ಲಿ ಅದು 2 ಮಿಲಿಮೀಟರಿಗಿಂತ ಜಾಸ್ತಿ, ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. 8ಕೆ ಕ್ಯಾಮೆರಾ ತಂದರೂ ಇದೇ ಗತಿ, ಅದೇ ಮಸುಕು 54 ಪಿಕ್ಸೆಲ್‌ಗಳಲ್ಲಿ ಹರಡಿಕೊಳ್ಳುತ್ತದೆ ಅಷ್ಟೇ. ಅದೇ 1/500ರಲ್ಲಿ ತೆಗೆದಿದ್ದರೆ ಮಸುಕು 3 ಪಿಕ್ಸೆಲ್ಲಿನ ಒಳಗೆ ಇರುತ್ತಿತ್ತು.

ಹಾಗಂತ ಎಲ್ಲವನ್ನೂ 1/500ರಲ್ಲಿ ತೆಗೆಯಿರಿ ಅನ್ನುತ್ತಿಲ್ಲ. ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದನ್ನು ತುಂಬಲು ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಪ್ರಮಾಣ, ಏರಿಸಿದರೆ ಚಿತ್ರದ ತುಂಬ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆಗಳು. ವಿಡಿಯೋ ಓಡುವಾಗ ಚಲನೆ ಸ್ವಲ್ಪ ಕುಲುಕಿದ ಹಾಗೆ ಕಾಣುತ್ತದೆ. ಕರೆಂಟಿನ ದೀಪಗಳ ಕೆಳಗೆ ಮತ್ತೊಂದು ತೊಂದರೆ. 50 ಹರ್ಟ್ಸ್ ಕರೆಂಟಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ವೇಗದ ಶಟರ್ ಇಟ್ಟರೆ ಫ್ರೇಮಿನಲ್ಲಿ ಅಡ್ಡ ಪಟ್ಟಿ ಬರಬಹುದು. ಹಗಲು ಬೆಳಕಿನಲ್ಲಿ, ಫೋಟೋಗೆ ಅಂತಲೇ ಒಂದಿಷ್ಟು ಕ್ಷಣ 1/250 ಅಥವಾ 1/500 ಇಟ್ಟು ತೆಗೆದು ಮತ್ತೆ 1/50ಕ್ಕೆ ಬರುವುದು ನನಗೆ ಸರಿ ಅನಿಸುವ ದಾರಿ. ಪ್ಯಾನಸೋನಿಕ್ 2014ರಲ್ಲಿ ತಂದ 4ಕೆ ಫೋಟೋ ಅನ್ನುವ ಸೌಲಭ್ಯದ ಹಿಂದೆಯೂ ಇದೇ ಯೋಚನೆ ಇತ್ತು. ಅದು ಮಾಡುವುದು ವಿಡಿಯೋವನ್ನೇ, ಆದರೆ ಫ್ರೇಮ್ ತೆಗೆಯುವುದಕ್ಕೆ ಹೊಂದುವ ಶಟರ್ ಮತ್ತು ಸೆಟ್ಟಿಂಗ್ ಇಟ್ಟುಕೊಂಡು.

ಈಗಾಗಲೇ 1/50ರಲ್ಲಿ ತೆಗೆದಾಗಿದೆ, ಏನು ಮಾಡೋದು? ಹುಡುಕಬೇಕು. ಚಲನೆ ಎಂದೂ ಒಂದೇ ವೇಗದಲ್ಲಿ ಇರುವುದಿಲ್ಲ. ನಗುವವರು ನಗುವಿನ ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಕುಣಿಯುವವರ ಕೈ ಒಂದು ಕಡೆಯಿಂದ ಮತ್ತೊಂದು ಕಡೆಗೆ ತಿರುಗುವ ಮೊದಲು ನಿಲ್ಲುತ್ತದೆ. ಮೇಲಕ್ಕೆ ಹಾರಿದವರು ಮೇಲಿನ ತುದಿಯಲ್ಲಿ ಹೆಚ್ಚುಕಡಿಮೆ ನಿಂತೇ ಇರುತ್ತಾರೆ. ಮಸುಕಿಲ್ಲದ ಫ್ರೇಮ್ ಸಿಗುವುದು ಅಲ್ಲಿ.

ಪರದೆ ಮೇಲೆ ಒಂದು ತುಣುಕು ತೋರಿಸುತ್ತೇನೆ. ಒಂದು ಮಗು ಸೋಪಿನ ಗುಳ್ಳೆ ಊದುತ್ತಿದೆ. ಓಡಿಸಿ ನೋಡಿದರೆ ಪೂರ್ತಿ ಚೆನ್ನಾಗಿದೆ. ಈಗ ಒಂದೊಂದೇ ಫ್ರೇಮ್ ಮುಂದೆ ಹೋಗೋಣ. ಇಲ್ಲಿ ಕೆನ್ನೆ ಉಬ್ಬುತ್ತಿದೆ, ರೆಪ್ಪೆ ಅರ್ಧ ಮುಚ್ಚಿದೆ, ಬೇಡ. ಮುಂದಿನದು. ತಲೆ ಅಲ್ಲಾಡಿದೆ, ಕಿವಿಯ ಅಂಚು ಎರಡಾಗಿದೆ. ಮುಂದಿನದು. ಗುಳ್ಳೆ ಕಡ್ಡಿಯಿಂದ ಬಿಡುತ್ತಿದೆ, ಮಗು ಉಸಿರು ಹಿಡಿದು ನೋಡುತ್ತಿದೆ. ಕಣ್ಣು ಅಗಲವಾಗಿದೆ, ತಲೆ ಅಲುಗುತ್ತಿಲ್ಲ. ರೆಪ್ಪೆಯ ಕೂದಲು ಒಂದೊಂದೂ ಕಾಣುತ್ತಿದೆ. ಇದು! ಇದರ ಮುಂದಿನ ಫ್ರೇಮಿನಲ್ಲೇ ಕಣ್ಣು ಗುಳ್ಳೆಯ ಹಿಂದೆ ಹೊರಟಿದೆ. ವಿಡಿಯೋದ ದೊಡ್ಡ ವರ ಇದೇ. ಫೋಟೋ ತೆಗೆಯುವವರು ಈ ಕ್ಷಣವನ್ನು ಊಹಿಸಿ ಒತ್ತಬೇಕು. ನಮಗೆ ಕೂತು ಹುಡುಕುವ ಅವಕಾಶ ಇದೆ. ಈ ಹುಡುಕಾಟಕ್ಕೆ ಸಮಯ ಕೊಡದೆ ಮೊದಲು ಸಿಕ್ಕಿದ ಫ್ರೇಮ್ ತೆಗೆದುಕೊಂಡು, ಆಮೇಲೆ ಸಾಫ್ಟ್‌ವೇರಿನಲ್ಲಿ ಗಂಟೆಗಟ್ಟಲೆ ಅದನ್ನು ಸರಿಮಾಡುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎರಡನೆಯ ನಷ್ಟ ಕಂಪ್ರೆಷನ್‌ನಲ್ಲಿ, ಅಂದರೆ ಫೈಲ್ ಚಿಕ್ಕದಾಗಲಿ ಅಂತ ವಿಡಿಯೋವನ್ನು ಹಿಂಡುವುದರಲ್ಲಿ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್ ಅಂದರೆ ಭಾರೀ ಅನಿಸುತ್ತದೆ. 25 ಫ್ರೇಮಿಗೆ ಹಂಚಿ. ಒಂದು ಫ್ರೇಮಿಗೆ ಸರಾಸರಿ 500 ಕಿಲೋಬೈಟ್ ಬಂತು. ಅಷ್ಟೇ ಪಿಕ್ಸೆಲ್ ಇರುವ ಸ್ಟಿಲ್ ಕ್ಯಾಮೆರಾದ ಒಳ್ಳೆಯ ಜೆಪೆಗ್ ಫೈಲ್ 3ರಿಂದ 5 ಮೆಗಾಬೈಟ್ ಇರುತ್ತದೆ. ವಿಡಿಯೋ ಇಷ್ಟು ಕಡಿಮೆಯಲ್ಲಿ ಹೇಗೆ ನಿಭಾಯಿಸುತ್ತದೆ? ಎಲ್ಲ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಅಲ್ಲಲ್ಲಿ ಒಂದು ಫ್ರೇಮ್ ಪೂರ್ತಿ ಚಿತ್ರವಾಗಿರುತ್ತದೆ, ಅದನ್ನು ಐ ಫ್ರೇಮ್ ಅಥವಾ ಕೀ ಫ್ರೇಮ್ ಅನ್ನುತ್ತಾರೆ. ಸಾಮಾನ್ಯವಾಗಿ ಅರ್ಧ ಸೆಕೆಂಡಿಗೋ ಒಂದು ಸೆಕೆಂಡಿಗೋ ಒಂದು. ನಡುವಿನ ಪಿ ಮತ್ತು ಬಿ ಫ್ರೇಮ್‌ಗಳಲ್ಲಿ ಇರುವುದು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಅನ್ನುವುದು ಮಾತ್ರ. ಬದಲಾವಣೆ ಜಾಸ್ತಿ ಇದ್ದು ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಮಿತಿ, ಸಾಲದೆ ಹೋದರೆ ಮೊದಲು ಬಲಿಯಾಗುವುದು ಸಣ್ಣ ವಿವರ. ಹುಲ್ಲು, ಕೂದಲು, ಬಟ್ಟೆಯ ನೇಯ್ಗೆ, ಚರ್ಮದ ಸೂಕ್ಷ್ಮ ಗೆರೆ, ಎಲ್ಲ ನುಣ್ಣಗಾಗಿಬಿಡುತ್ತದೆ.

ಹಾಗಾಗಿ ಹತ್ತಿರ ಹತ್ತಿರದ ಎರಡು ಫ್ರೇಮ್ ಒಂದೇ ಥರ ಕಂಡರೆ ಎರಡನ್ನೂ ಪೂರ್ತಿ ದೊಡ್ಡದು ಮಾಡಿ ಕೂದಲಿನ ಜಾಗ ನೋಡಿ. ಒಂದರಲ್ಲಿ ಎಳೆ ಕಾಣುತ್ತದೆ, ಇನ್ನೊಂದರಲ್ಲಿ ಮೇಣ ಸವರಿದ ಹಾಗಿರುತ್ತದೆ. ಎಳೆ ಕಾಣುವುದು ಬಹುಪಾಲು ಐ ಫ್ರೇಮ್. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರ್ ಬಳಸುವವರು ಕೀ ಫ್ರೇಮ್‌ಗಳನ್ನಷ್ಟೇ ಹೊರತೆಗೆಯಲು ಹೇಳಬಹುದು. ಆದರೂ ಮುಖದ ಭಾವಕ್ಕೇ ಮೊದಲ ಸ್ಥಾನ ಕೊಡಿ. ನಗು ಸರಿ ಇಲ್ಲದ ಐ ಫ್ರೇಮಿಗಿಂತ ನಗು ಸರಿ ಇರುವ ಬಿ ಫ್ರೇಮೇ ನನಗೆ ಇಷ್ಟ. ಮುಂದೆ ಶೂಟ್ ಮಾಡುವಾಗ ಕ್ಯಾಮೆರಾದಲ್ಲಿ ಆಲ್-ಐ ಅಥವಾ ಪ್ರೋರೆಸ್ ಆಯ್ಕೆ ಇದ್ದರೆ ಹಾಕಿಕೊಳ್ಳಿ, ಅಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಬಣ್ಣದ ಛಾಯೆಗಳನ್ನು ಇನ್ನೂ ಸಣ್ಣಗೆ ಬರೆದಿಡುವ 10 ಬಿಟ್ ಇದ್ದರೆ ಅದೂ ಇರಲಿ. ಇಲ್ಲದಿದ್ದರೆ ಆಕಾಶದಂಥ ನುಣುಪಾದ ಜಾಗದಲ್ಲಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಅಚ್ಚಾಗುತ್ತದೆ. ಕ್ಯಾಮೆರಾದೊಳಗಿನ ಶಾರ್ಪ್‌ನೆಸ್ ಕಡಿಮೆ ಮಾಡಿಡಿ. ಅದು ಅಂಚಿನ ಸುತ್ತ ಬಿಳಿ ಗೆರೆ ಬರೆಯುತ್ತದೆ, ದೊಡ್ಡ ಪ್ರಿಂಟಿನಲ್ಲಿ ಅದನ್ನು ಅಳಿಸಲು ಆಗುವುದಿಲ್ಲ.

ಇನ್ನು ಫ್ರೇಮನ್ನು ಹೊರತೆಗೆಯುವುದು. ದಯವಿಟ್ಟು ಸ್ಕ್ರೀನ್‌ಶಾಟ್ ತೆಗೆಯಬೇಡಿ. ಅದು ನಿಮ್ಮ ಪರದೆಯ ಚಿತ್ರ, ವಿಡಿಯೋದ್ದಲ್ಲ. ಪರದೆ 1920 ಅಗಲ ಇದ್ದರೆ 4ಕೆ ಫ್ರೇಮಿನ ನಾಲ್ಕರಲ್ಲಿ ಮೂರು ಪಾಲು ಪಿಕ್ಸೆಲ್ ಅಲ್ಲೇ ಹೋಯಿತು. ವಿಎಲ್‌ಸಿ ಪ್ಲೇಯರಿನಲ್ಲಿ ಇ ಕೀ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ವಿಡಿಯೋ ಮೆನುವಿನಲ್ಲಿ ಸ್ನ್ಯಾಪ್‌ಶಾಟ್ ಇದೆ. ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರು ಟೈಮ್‌ಲೈನಿನ ಅಳತೆ ನೋಡಿಕೊಳ್ಳಿ. ಡಾವಿಂಚಿ ರಿಸಾಲ್ವ್‌ನಲ್ಲಿ ಟೈಮ್‌ಲೈನ್ 1080ರಲ್ಲಿದ್ದರೆ 4ಕೆ ಕ್ಲಿಪ್‌ನಿಂದ ತೆಗೆದ ಸ್ಟಿಲ್ ಕೂಡ 1080ರದ್ದೇ. ಟಿಫ್ ಅಥವಾ ಪಿಎನ್‌ಜಿ ಆಗಿ ಉಳಿಸಿ, ಜೆಪೆಗ್ ಬೇಡ. ಈಗಾಗಲೇ ಒಂದು ಸಲ ಹಿಂಡಿರುವುದನ್ನು ಮತ್ತೆ ಹಿಂಡುವುದೇಕೆ? ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ವಿಡಿಯೋ ಆದರೆ ಮೊದಲು ಮೂಲ ಫೈಲ್ ಕೇಳಿ ತರಿಸಿಕೊಳ್ಳಿ. ಅದಕ್ಕಿಂತ ದೊಡ್ಡ ಸುಧಾರಣೆ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಹೊರತೆಗೆದ ಚಿತ್ರ ಸಪ್ಪೆಯಾಗಿ, ಕಪ್ಪು ಜಾಗ ಬೂದು ಬಣ್ಣವಾಗಿ ಕಂಡರೆ ಗಾಬರಿ ಬೇಡ. ವಿಡಿಯೋದಲ್ಲಿ ಸಾಮಾನ್ಯವಾಗಿ ಕಪ್ಪನ್ನು 16, ಬಿಳಿಯನ್ನು 235 ಅಂತ ಬರೆಯುತ್ತಾರೆ. ಫೋಟೋದಲ್ಲಿ ಅದು 0 ಮತ್ತು 255. ನಡುವೆ ಯಾರೋ ಅನುವಾದ ಮಾಡಿಲ್ಲ ಅಷ್ಟೇ, ಫೋಟೋಶಾಪ್‌ನ ಲೆವೆಲ್ಸ್‌ನಲ್ಲಿ ಸರಿಯಾಗುತ್ತದೆ. ಆಮೇಲೆ ಬಣ್ಣ ಸರಿಮಾಡಲಿ ಅಂತ ಬೇಕೆಂದೇ ಸಪ್ಪೆಯಾಗಿ ಬರೆಯುವ ಲಾಗ್‌ನಲ್ಲಿ ತೆಗೆದ ವಿಡಿಯೋ ಆದರೆ, ಅದಕ್ಕೆ ಹೊಂದುವ ಲಟ್ (ಬಣ್ಣ ಮಾರ್ಪಡಿಸುವ ಪಟ್ಟಿ) ಹಾಕಿದ ಮೇಲೇ ಫ್ರೇಮ್ ತೆಗೆಯಿರಿ.

ಹಳೆಯ ಟೇಪುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಕೆಲಸ ನಿಜವಾಗಿ ಬೇಕಾಗುವುದು ಅಲ್ಲಿ. ತೀರಿಕೊಂಡವರ ಒಳ್ಳೆಯ ಫೋಟೋ ಒಂದೂ ಇಲ್ಲ, ಹಳೆಯದೊಂದು ವಿಡಿಯೋದಲ್ಲಿ ಮಾತ್ರ ಇದ್ದಾರೆ ಅಂತ ಬರುವವರಿದ್ದಾರೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಟಿವಿ ಪದ್ಧತಿಯ ಡಿವಿ (ಡಿಜಿಟಲ್ ವಿಡಿಯೋ) ಟೇಪಿನಲ್ಲಿ ಇರುವುದು 720ಕ್ಕೆ 576. ಅದರ ಪಿಕ್ಸೆಲ್ ಚೌಕವೂ ಅಲ್ಲ. 4:3 ಚಿತ್ರವಾದರೆ ಅಗಲವನ್ನು 768ಕ್ಕೆ ಹಿಗ್ಗಿಸಬೇಕು, ಇಲ್ಲದಿದ್ದರೆ ಮುಖ ತೆಳ್ಳಗಾಗುತ್ತದೆ. ಮನೆಯವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, ಆದರೆ "ಯಾಕೋ ಅವರ ಥರ ಇಲ್ಲ" ಅನ್ನುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಇಂಟರ್‌ಲೇಸ್. ಒಂದು ಫ್ರೇಮಿನ ಸಮ ಗೆರೆಗಳು ಒಂದು ಕ್ಷಣದ್ದು, ಬೆಸ ಗೆರೆಗಳು 1/50 ಸೆಕೆಂಡಿನ ನಂತರದ್ದು. ಅಷ್ಟರಲ್ಲಿ ಕೈ ಅಲ್ಲಾಡಿದ್ದರೆ ಅಂಚು ಬಾಚಣಿಗೆಯ ಹಲ್ಲಿನ ಥರ ಒಡೆದು ಕಾಣುತ್ತದೆ. 1080ಐ ಅಂತ ಬರೆದಿರುವ ಎಚ್‌ಡಿ ವಿಡಿಯೋದಲ್ಲೂ ಇದೇ ಕತೆ. ಡಿಇಂಟರ್‌ಲೇಸ್ ಮಾಡುವ ಫಿಲ್ಟರ್‌ಗಳಿವೆ, ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯೂಡಿಐಎಫ್ ಚೆನ್ನಾಗಿದೆ. ಒಂದು ಒಳ್ಳೆಯ ಸುದ್ದಿ ಏನೆಂದರೆ, ವ್ಯಕ್ತಿ ಅಲುಗದೆ ಕೂತಿದ್ದ ಕ್ಷಣ ಸಿಕ್ಕರೆ ಎರಡೂ ಪಾಲು ಹೊಂದಿಕೊಳ್ಳುತ್ತವೆ, ಏನನ್ನೂ ಕಳೆಯಬೇಕಿಲ್ಲ. ಮತ್ತೆ ಹುಡುಕಾಟಕ್ಕೇ ಬಂದೆವು.

ಅಲುಗದ ಕ್ಷಣ ಸಿಕ್ಕರೆ ಇನ್ನೂ ಒಂದು ಲಾಭ ಇದೆ. ಒಂದೇ ಫ್ರೇಮ್ ತೆಗೆದುಕೊಳ್ಳುವ ಬದಲು ಸಾಲಾಗಿ 16 ಫ್ರೇಮ್ ತೆಗೆದು, ಒಂದರ ಮೇಲೊಂದು ಕೂರಿಸಿ ಸರಾಸರಿ ಮಾಡಿದರೆ ನಾಯ್ಸ್ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾಯ್ಸ್ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ, ಮುಖ ಮಾತ್ರ ಒಂದೇ. ಫೋಟೋಶಾಪ್‌ನಲ್ಲಿ ಲೇಯರ್‌ಗಳನ್ನು ಹೊಂದಿಸಿ ಸ್ಟ್ಯಾಕ್ ಮಾಡಿದರೆ ಸಾಕು. ಆಕಾಶ ನೋಡುವ ಹವ್ಯಾಸಿಗಳು ಇದರಲ್ಲಿ ಪಳಗಿದವರು. ಗುರು ಗ್ರಹದ ವಿಡಿಯೋ ಮಾಡಿ, ಸಾವಿರಾರು ಫ್ರೇಮಿನಲ್ಲಿ ಗಾಳಿಯ ನಡುಕ ಕಡಿಮೆ ಇರುವುದನ್ನಷ್ಟೇ ಆರಿಸಿ, ಆಟೋಸ್ಟ್ಯಾಕರ್ಟ್ ಎಂಬ ಸಾಫ್ಟ್‌ವೇರಿನಲ್ಲಿ ಒಟ್ಟು ಸೇರಿಸುತ್ತಾರೆ. ಅದೃಷ್ಟದಿಂದ ಸಿಗುವ ಇಂಥ ಒಳ್ಳೆಯ ಫ್ರೇಮಿನ ಸಾಧ್ಯತೆ ಎಷ್ಟು ಅಂತ ವಿಜ್ಞಾನಿ ಡೇವಿಡ್ ಫ್ರೈಡ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅವರು ಗ್ರಹಕ್ಕೆ ಮಾಡುವುದನ್ನು ನಾವು ಹಳೆಯ ಟೇಪಿನ ಮುಖಕ್ಕೆ ಮಾಡಬಹುದು. ಇದರಲ್ಲಿ ನನಗೆ ಇಷ್ಟವಾಗುವ ವಿಷಯ, ಇಲ್ಲಿ ಬರುವ ಪ್ರತಿ ವಿವರವೂ ಕ್ಯಾಮೆರಾ ಕಂಡದ್ದೇ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಈಗ ಎಐ ಬಳಸಿ ಚಿತ್ರ ಹಿಗ್ಗಿಸುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ. ಗಿಡ, ಕಟ್ಟಡ, ಬಟ್ಟೆಗೆ ನಾನೂ ಹದವಾಗಿ ಬಳಸುತ್ತೇನೆ. ಮುಖಕ್ಕೆ ಬಂದಾಗ ನಿಲ್ಲುತ್ತೇನೆ. ಇಪ್ಪತ್ತು ಪಿಕ್ಸೆಲ್ಲಿನ ಕಣ್ಣಿಗೆ ಅದು ರೆಪ್ಪೆ ಬರೆದು ಕೊಡುತ್ತದೆ, ಆದರೆ ಅದು ಯಾರ ರೆಪ್ಪೆ? ತಾನು ಕಲಿತ ಸಾವಿರಾರು ಮುಖಗಳಿಂದ ಹೊಂದಿಸಿದ್ದು. 2020ರಲ್ಲಿ ಇಂಥದ್ದೊಂದು ಸಂಶೋಧನಾ ಸಾಫ್ಟ್‌ವೇರಿಗೆ ಬರಾಕ್ ಒಬಾಮಾ ಅವರ ಮಸುಕಾದ ಚಿಕ್ಕ ಚಿತ್ರ ಕೊಟ್ಟಾಗ ಹೊರಬಂದದ್ದು ಒಬ್ಬ ಬಿಳಿಯನ ಮುಖ. ಅಷ್ಟು ಹೆಸರಾದ ಮುಖವಾದ್ದರಿಂದ ಎಲ್ಲರಿಗೂ ಗೊತ್ತಾಯಿತು. ನಮ್ಮ ಅಜ್ಜಿಯ ಮುಖ ಸ್ವಲ್ಪ ಬದಲಾದರೆ ಹತ್ತು ವರ್ಷದ ಮೇಲೆ ಯಾರು ಹೇಳುತ್ತಾರೆ? ಗೋಡೆ ಮೇಲಿನ ಚಿತ್ರವೇ ಅಜ್ಜಿ ಆಗಿಬಿಡುತ್ತಾರೆ. ಮಸುಕಾದರೂ ಪರವಾಗಿಲ್ಲ, ಅವರದೇ ಮುಖ ಇರಲಿ. ಚಿಕ್ಕದಾಗಿ ಅಚ್ಚು ಹಾಕಿಸಿ, ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು ಕಟ್ಟು ಹಾಕಿಸಿ. ನಾಲ್ಕು ಇಂಚಿನ ನಿಜವಾದ ಮುಖಕ್ಕೆ ಇರುವ ಬೆಲೆ ಹದಿನಾರು ಇಂಚಿನ ಊಹೆಯ ಮುಖಕ್ಕೆ ಇಲ್ಲ.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದರು: "ಮೇಡಂ, ಎಷ್ಟು ದೊಡ್ಡದು ಮಾಡಿದರೆ ಕೆಡುತ್ತದೆ ಅಂತ ಪ್ರಿಂಟಿಗೆ ಕೊಡುವ ಮೊದಲೇ ಹೇಗೆ ತಿಳಿಯೋದು?" ಒಳ್ಳೆಯ ಪ್ರಶ್ನೆ. ಮಾನಿಟರ್ ನೋಡಿ ತೀರ್ಮಾನ ಮಾಡಬೇಡಿ. ಚಿತ್ರವನ್ನು ಬೇಕಾದ ಅಳತೆಗೆ ಹಿಗ್ಗಿಸಿ, ಶಾರ್ಪ್ ಮಾಡುವುದಿದ್ದರೆ ಹಿಗ್ಗಿಸಿದ ಮೇಲೆ ಮಾಡಿ. ಆಮೇಲೆ ಪೂರ್ತಿ ಚಿತ್ರದ ಬದಲು ಮುಖ ಇರುವ ಒಂದು ಪಟ್ಟಿಯನ್ನಷ್ಟೇ ಕತ್ತರಿಸಿ, ಅದೇ ಅಳತೆಯಲ್ಲಿ, ಅದೇ ಕಾಗದದ ಮೇಲೆ ಅಚ್ಚು ಹಾಕಿಸಿ. ಬೇರೆ ಬೇರೆ ಶಾರ್ಪ್‌ನೆಸ್‌ನಲ್ಲಿ ಎರಡು ಮೂರು ಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಸುತ್ತವೆ. ಅದನ್ನು ಗೋಡೆಗೆ ಅಂಟಿಸಿ, ಚಿತ್ರವನ್ನು ಎಲ್ಲಿ ನಿಂತು ನೋಡುತ್ತೀರೋ ಅಲ್ಲೇ ನಿಂತು ನೋಡಿ. ಅಲ್ಲಿ ಮುಖ ಒಪ್ಪಿಗೆಯಾದರೆ ದೊಡ್ಡದಕ್ಕೆ ಆರ್ಡರ್ ಕೊಡಿ. ಆಗದಿದ್ದರೆ ಅಳತೆ ಎರಡು ಇಂಚು ಇಳಿಸಿ ಇನ್ನೊಂದು ಪಟ್ಟಿ ತೆಗೆಸಿ.